ಕೊನೆ ತಿಳಿದ ಕಥೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಮನೆಗಳಲ್ಲಿ ಒಂದು ಹೊಸ ಬಗೆಯ ಜಗಳ ತಲೆಹಾಕಿದೆ. ಅದು ಆಸ್ತಿಯ ಜಗಳವಲ್ಲ. ಅತ್ತೆ ಸೊಸೆಯರ ಜಗಳವೂ ಅಲ್ಲ. ಟೆಲಿವಿಷನ್ನಿನಲ್ಲಿಯೋ ಕೈಯೊಳಗಿನ ಫೋನಿನಲ್ಲಿಯೋ ಬರುವ ಒಂದು ಧಾರಾವಾಹಿಯನ್ನು ಮನೆಯಲ್ಲಿ ಒಬ್ಬರು ಮೊದಲೇ ನೋಡಿ ಮುಗಿಸಿರುತ್ತಾರೆ; ಇನ್ನೊಬ್ಬರು ಅರ್ಧದಾರಿಯಲ್ಲಿರುತ್ತಾರೆ. ಊಟಕ್ಕೆ ಕುಳಿತಾಗ ನೋಡಿದವರು “ಕೊಲೆ ಮಾಡಿದವನು ಅವನೇ” ಎಂದು ಬಾಯಿತಪ್ಪಿ ಅಂದರೆ ಸಾಕು, ನೋಡದವರು ತಟ್ಟೆ ಬಿಟ್ಟು ಏಳುತ್ತಾರೆ. ಮತ್ತೆರಡು ದಿನ ಮಾತುಕತೆಯಿಲ್ಲ. ಕಥೆಯ ಗುಟ್ಟನ್ನು ಹೀಗೆ ಮುಂದಾಗಿ ಹೊರಗೆಡಹುವುದಕ್ಕೆ ‘ಸ್ಪಾಯ್ಲರ್’ ಎಂಬ ಹೆಸರು ಬಳಕೆಗೆ ಬಂದಿದೆ. ನಮ್ಮ ಮಕ್ಕಳಿಗಂತೂ ಈ ಮಾತು ಬಾಯಿಪಾಠ. ಕನ್ನಡದಲ್ಲಿ ಇದನ್ನು ರಸಭಂಗವೆನ್ನಬಹುದು.

ಆದರೆ ಕೊನೆ ತಿಳಿದ ಮಾತ್ರಕ್ಕೆ ರಸ ನಿಜವಾಗಿಯೂ ಭಂಗವಾಗುವುದೇ? ಸಂಶಯಕ್ಕೆ ಕಾರಣವುಂಟು. ನಮ್ಮ ಹಿರಿಯರು ಕೊನೆ ತಿಳಿಯದ ಕಥೆಯನ್ನು ನೋಡಿದ್ದೇ ಅಪೂರ್ವ. ಅವರು ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದ ಕಥೆಗಳೆಲ್ಲ ತೊಟ್ಟಿಲಿನಿಂದಲೇ ಗೊತ್ತಿದ್ದ ಕಥೆಗಳು. ಅಜ್ಜನಿಗೆ ಸುಖವನ್ನು ಕೊಟ್ಟದ್ದು ಮೊಮ್ಮಗನಿಗೆ ಅಪರಾಧವಾಗಿ ಕಾಣುತ್ತಿದೆಯೆಂದಮೇಲೆ ನಡುವೆ ಏನೋ ನಡೆದಿರಬೇಕು. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಕಾವ್ಯಶಾಸ್ತ್ರದ ಪಂಡಿತರಲ್ಲ. ಆದರೂ ನಡುವೆ ನಡೆದದ್ದೇನೆಂಬುದನ್ನು ಚರಿತ್ರೆಯ ಪುಟಗಳಲ್ಲಿ ಸ್ವಲ್ಪ ಹುಡುಕಿ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಹಳೆಯ ಮಾತನ್ನು ನೋಡೋಣ. ಭರತಮುನಿಯ ನಾಟ್ಯಶಾಸ್ತ್ರದ ಸಂಪ್ರದಾಯದಲ್ಲಿ ನಾಟಕದ ವಸ್ತು ಪ್ರಖ್ಯಾತವಾಗಿರಬೇಕೆಂದು, ಎಂದರೆ ಜನರಿಗೆ ಮೊದಲೇ ತಿಳಿದದ್ದಾಗಿರಬೇಕೆಂದು ನಿಯಮ. ಕವಿ ತಾನೇ ಕಲ್ಪಿಸಿದ ಕಥೆಗೆ ಉತ್ಪಾದ್ಯವೆಂದು ಹೆಸರು. ಅಂಥ ಕಥೆಯುಳ್ಳ ರೂಪಕಕ್ಕೆ ಪ್ರಕರಣವೆಂದು ಬೇರೆಯೇ ಪಂಗಡ. ತಿಳಿದ ಕಥೆ, ತಿಳಿಯದ ಕಥೆ ಎಂಬ ಎರಡು ಖಾತೆಗಳನ್ನು ನಮ್ಮವರು ಅಷ್ಟು ಹಿಂದೆಯೇ ತೆರೆದಿದ್ದರು. ಎರಡಕ್ಕೂ ಸ್ಥಾನವಿತ್ತು, ಆದರೆ ಹಿರಿಯ ಸ್ಥಾನ ತಿಳಿದ ಕಥೆಯದು. ಪ್ರಖ್ಯಾತ ಕಥೆಯ ನಾಟಕಕ್ಕೂ ಕೊನೆಯ ಭಾಗದಲ್ಲಿ ಅದ್ಭುತರಸವಿರಬೇಕೆಂದು ಶಾಸ್ತ್ರ ಹೇಳುತ್ತದೆ. ಕಥೆ ಗೊತ್ತಿದ್ದವನನ್ನೂ ಬೆರಗುಗೊಳಿಸಬಹುದು, ಗೊಳಿಸಬೇಕು ಎಂಬುದು ಅದರ ಅರ್ಥ.

ಕನ್ನಡಕ್ಕೆ ಬಂದರೆ ಇನ್ನೂ ಸ್ಪಷ್ಟವಾದ ಸಾಕ್ಷಿಗಳಿವೆ. ಗದುಗಿನ ಭಾರತವನ್ನು ತೆರೆದು ನೋಡಿದವರಿಗೆ ಗೊತ್ತು: ಪ್ರತಿ ಸಂಧಿಯ ತಲೆಯಲ್ಲಿ ‘ಸೂಚನೆ’ ಎಂಬ ಒಂದು ಪದ್ಯವಿರುತ್ತದೆ. ಆ ಸಂಧಿಯಲ್ಲಿ ಏನು ನಡೆಯಲಿದೆಯೆಂಬುದನ್ನು ಕವಿ ಅಲ್ಲಿ ಚುಟುಕಾಗಿ ಹೇಳಿಬಿಡುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಇದೇ ಕ್ರಮ. ಇಂದಿನ ಹುಡುಗರ ಮಾತಿನಲ್ಲಿ ಹೇಳುವುದಾದರೆ ಕುಮಾರವ್ಯಾಸನೂ ಲಕ್ಷ್ಮೀಶನೂ ಸಂಧಿಸಂಧಿಗೂ ಸ್ಪಾಯ್ಲರ್ ಕೊಟ್ಟವರು! ಆದರೂ ಗಮಕಿ ವಾಚನಕ್ಕೆ ಕುಳಿತರೆ ಊರಿಗೆ ಊರೇ ಚಾವಡಿಯಲ್ಲಿ ಸೇರುತ್ತಿತ್ತು. ಸೂಚನೆಯನ್ನು ಕೇಳಿ “ಕಥೆ ತಿಳಿಯಿತಲ್ಲ” ಎಂದು ಎದ್ದು ಹೋದವರನ್ನು ಯಾರೂ ಕಂಡಿಲ್ಲ.

ರನ್ನನದು ಇನ್ನೂ ಒಂದು ಹೆಜ್ಜೆ ಮುಂದಿನ ಸಾಹಸ. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ಈ ಕವಿ ಗದಾಯುದ್ಧವನ್ನು ಬರೆಯುವಾಗ ಕಥೆಯನ್ನು ಮೊದಲಿನಿಂದ ಆರಂಭಿಸಲಿಲ್ಲ. ಭಾರತ ಯುದ್ಧ ಮುಗಿಯುತ್ತ ಬಂದ ಸಮಯವನ್ನು ನಡುವೆ ನಿಲ್ಲಿಸಿ, ಅಲ್ಲಿಂದ ಸಿಂಹದಂತೆ ಹಿಂದಿರುಗಿ ನೋಡುತ್ತ ಹಿಂದಿನದನ್ನೆಲ್ಲ ಹೇಳಿದನು. ಇದಕ್ಕೆ ಸಿಂಹಾವಲೋಕನ ಕ್ರಮವೆಂದು ಹೆಸರು. ದುರ್ಯೋಧನನ ಗತಿಯೇನೆಂಬುದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿರುವುದರಿಂದಲೇ ಆ ಛಲದ ಅರಸನ ಒಂದೊಂದು ಮಾತೂ ಎದೆಗೆ ನಾಟುತ್ತದೆ.

ಯಕ್ಷಗಾನದ ಸಂಗತಿಯನ್ನು ಕರಾವಳಿಯಿಂದ ಬಂದ ನಮ್ಮ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಕರಪತ್ರದಲ್ಲಿಯೇ ಕೊನೆ ಅಚ್ಚಾಗಿರುತ್ತದೆ: ಕೀಚಕವಧೆ, ಜರಾಸಂಧವಧೆ, ವಾಲಿವಧೆ! ಸಾಯುವವನು ಯಾರೆಂದು ತಿಳಿದೇ ಜನ ಟಿಕೀಟು ತೆಗೆಯುತ್ತಾರೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಕೃಷ್ಣಸಂಧಾನದ ಪ್ರಸಂಗವೆಂದರೆ ಸಂಧಾನ ಮುರಿದು ಬೀಳುವುದೆಂದು ಕುಳಿತವರೆಲ್ಲರಿಗೂ ಗೊತ್ತು. ಅವರು ಕಾಯುವುದು ಫಲಕ್ಕಾಗಿ ಅಲ್ಲ, ವಾದಕ್ಕಾಗಿ. ಇಂದು ಕೌರವನ ಅರ್ಥ ಹೇಳುವವರು ಕೃಷ್ಣನ ಯಾವ ಮಾತಿಗೆ ಹೇಗೆ ಇದಿರು ಹೂಡುತ್ತಾರೆ ಎಂಬುದೇ ಅಲ್ಲಿನ ಕುತೂಹಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಅದನ್ನು ಮತ್ತೆ ಮತ್ತೆ ಕೇಳಲು ಹೋದದ್ದು ವಾಲಿ ಬದುಕಿಯಾನೆಂಬ ಆಸೆಯಿಂದಲ್ಲ. ಸಾಯುವ ವಾಲಿ ರಾಮನನ್ನು ಏನೆಂದು ಕೇಳುತ್ತಾನೆ ಎಂಬುದಕ್ಕಾಗಿ.

ಹಾಗಾದರೆ ಗುಟ್ಟು ಕಾಯುವ ಪದ್ಧತಿ ಎಲ್ಲಿಂದ ಬಂತು? ಅಚ್ಚಿನ ಯಂತ್ರವೂ ಪತ್ರಿಕೆಗಳೂ ಬೆಳೆದು, ಕವಿಯೂ ಕೇಳುವವನೂ ಒಂದೇ ಚಾವಡಿಯಲ್ಲಿ ಕೂರದಂತಾದ ಮೇಲೆ, ಹೊಸ ಕಲ್ಪಿತ ಕಥೆಗಳಿಗೆ ಬೆಲೆ ಏರಿತು. ಇಂಗ್ಲೆಂಡಿನಲ್ಲಿ ವಿಲ್ಕಿ ಕಾಲಿನ್ಸ್ ಎಂಬ ಕಾದಂಬರಿಕಾರನ ‘ದಿ ವುಮನ್ ಇನ್ ವೈಟ್’ ೧೮೫೯–೬೦ರಲ್ಲಿ ವಾರವಾರವೂ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೮೬೦ರಲ್ಲಿ ಪುಸ್ತಕವಾಗಿ ಬಂದಾಗ, ಕಥೆಯನ್ನು ಬಯಲುಮಾಡದೆ ವಿಮರ್ಶೆ ಬರೆಯಬಾರದೇ ಎಂದು ಅವನು ಮುನ್ನುಡಿಯಲ್ಲಿ ವಿಮರ್ಶಕರನ್ನು ಕೇಳಿಕೊಂಡನು. ಕಥೆಯ ಗುಟ್ಟು ಒಂದು ಸ್ವತ್ತು, ಅದನ್ನು ಕದಿಯಬಾರದು ಎಂಬ ಭಾವನೆ ಆ ಹೊತ್ತಿಗೆ ಹುಟ್ಟಿತ್ತು.

ಪತ್ತೇದಾರಿ ಕಥೆಗಳು ಬೆಳೆದಂತೆ ಈ ಭಾವನೆಯೂ ಬೆಳೆಯಿತು. ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ ೧೯೫೨ರ ನವೆಂಬರ್ ೨೫ರಂದು ಲಂಡನ್ನಿನ ರಂಗಭೂಮಿಗೆ ಬಂತು. ಆಟ ಮುಗಿದೊಡನೆ ನಟರು ಪ್ರೇಕ್ಷಕರಿಗೆ “ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ” ಎಂದು ವಿನಂತಿಸುವುದು ಅಲ್ಲಿನ ವಾಡಿಕೆ. ೨೦೨೦ರಲ್ಲಿ ಸಾಂಕ್ರಾಮಿಕದಿಂದಾಗಿ ನಿಂತು ೨೦೨೧ರಲ್ಲಿ ಮತ್ತೆ ಆರಂಭವಾದ ವಿರಾಮವೊಂದನ್ನು ಬಿಟ್ಟರೆ ಆ ನಾಟಕ ನಡೆಯುತ್ತಲೇ ಬಂದಿದೆ. ೧೯೫೫ರ ಫ್ರೆಂಚ್ ಚಿತ್ರ ‘ಲೆ ದಿಯಾಬೊಲಿಕ್’ ಕೊನೆಯಲ್ಲಿ ಇಂಥದೇ ಕೋರಿಕೆಯನ್ನು ತೆರೆಯ ಮೇಲೆ ತೋರಿಸಿತು. ೧೯೬೦ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ‘ಸೈಕೋ’ ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದನು.

ಅದೇ ಹಿಚ್‌ಕಾಕ್ ಇನ್ನೊಂದು ಮಾತನ್ನೂ ಹೇಳಿದ್ದಾನೆ, ಅದು ಗಮನಿಸತಕ್ಕದ್ದು. ಮೇಜಿನ ಸುತ್ತ ಕುಳಿತು ಕೆಲವರು ಹರಟುತ್ತಿದ್ದಾರೆ, ಕೆಳಗೆ ಒಂದು ಬಾಂಬು ಇದೆ. ಅದು ಪ್ರೇಕ್ಷಕರಿಗೆ ತಿಳಿಯದೆ ಸಿಡಿದರೆ ಹದಿನೈದು ಸೆಕೆಂಡುಗಳ ಬೆರಗು. ಬಾಂಬಿರುವುದು ಮೊದಲೇ ತಿಳಿದಿದ್ದರೆ ಆ ಸಾಧಾರಣ ಹರಟೆಯೇ ಹದಿನೈದು ನಿಮಿಷಗಳ ತಳಮಳವಾಗುತ್ತದೆ. ಗುಟ್ಟು ಕಾಯುವುದರಲ್ಲಿ ಗಟ್ಟಿಗನಾದವನೇ ತಿಳಿವಿನಿಂದ ಹುಟ್ಟುವ ಭಯಕ್ಕೆ ಹೆಚ್ಚು ಬೆಲೆ ಕಟ್ಟಿದನು. ನಮ್ಮ ಅಭಿಮನ್ಯುವನ್ನು ನೆನೆಯಿರಿ. ಚಕ್ರವ್ಯೂಹವನ್ನು ಹೊಗುವ ಬಗೆ ಅವನಿಗೆ ಗೊತ್ತು, ಹೊರಬರುವ ಬಗೆ ಗೊತ್ತಿಲ್ಲ. ಇದು ಕೇಳುವವರಿಗೆಲ್ಲ ತಿಳಿದಿದೆ. ಅವನು ನಗುತ್ತ ರಥವನ್ನೇರುವಾಗ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದುದು ಕೊನೆ ತಿಳಿದಿದ್ದರಿಂದ. ತಿಳಿಯದಿದ್ದರೆ ಆ ಗಳಿಗೆ ಬರಿಯ ವೀರರಸವಾಗುತ್ತಿತ್ತು. ತಿಳಿದಾಗ ಅದರೊಳಗಿಂದ ಕರುಣರಸ ಒಸರುತ್ತದೆ.

ಇರಲಿ. ‘ಸ್ಪಾಯ್ಲರ್’ ಎಂಬ ಮಾತು ಈ ಅರ್ಥದಲ್ಲಿ ಅಚ್ಚಾದದ್ದು ೧೯೭೧ರ ಏಪ್ರಿಲ್‌ನಲ್ಲಿ, ‘ನ್ಯಾಷನಲ್ ಲ್ಯಾಂಪೂನ್’ ಎಂಬ ಅಮೆರಿಕದ ಹಾಸ್ಯಪತ್ರಿಕೆಯಲ್ಲಿ. ಡಗ್ ಕೆನಿ ಎಂಬ ಲೇಖಕ ಹಲವು ಚಿತ್ರಗಳ ಕೊನೆಯನ್ನು ಸಾಲಾಗಿ ಬರೆದು, ಇದರಿಂದ ಓದುಗರ ಸಮಯವೂ ಹಣವೂ ಉಳಿತಾಯವಾಗುವುದೆಂದು ವಿನೋದ ಮಾಡಿದನು. ಉಳಿತಾಯ ಖಾತೆಯ ಕೌಂಟರಿನಲ್ಲಿ ಕುಳಿತಿರುವ ನಮಗೂ ಇಂಥ ಉಳಿತಾಯದ ಯೋಜನೆ ಹೊಳೆದಿರಲಿಲ್ಲ!

ಟೆಲಿವಿಷನ್ ಈ ಗುಟ್ಟಿನ ವ್ಯಾಪಾರವನ್ನು ದೊಡ್ಡದು ಮಾಡಿತು. ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯಲ್ಲಿ ಜೆ.ಆರ್. ಎಂಬ ಪಾತ್ರಕ್ಕೆ ೧೯೮೦ರ ಮಾರ್ಚ್ ೨೧ರಂದು ಯಾರೋ ಗುಂಡು ಹೊಡೆದರು. ಹೊಡೆದವರು ಯಾರೆಂಬುದು ತಿಳಿದದ್ದು ನವೆಂಬರ್ ೨೧ರಂದು. ನಡುವೆ ನಟರ ಮುಷ್ಕರವೂ ಬಂದು ಕಾಯುವಿಕೆ ಎಂಟು ತಿಂಗಳಿಗೆ ಎಳೆಯಿತು. ಗುಟ್ಟು ಹೊರಬೀಳದಿರಲೆಂದು ಹಲವು ನಟರು ಗುಂಡು ಹೊಡೆಯುವಂತೆ ಬೇರೆ ಬೇರೆಯಾಗಿ ಚಿತ್ರಿಸಿಟ್ಟಿದ್ದರು. ಆ ರಾತ್ರಿ ಅಮೆರಿಕದಲ್ಲಿ ೮ ಕೋಟಿಗೂ ಹೆಚ್ಚು ಜನ ನೋಡಿದರೆಂದು ಲೆಕ್ಕ. ಮರುದಿನ ಆ ಕುತೂಹಲವೆಲ್ಲ ಸೋರಿಹೋಗಿತ್ತು. ಗುಟ್ಟಿನ ಕಥೆಯ ಬಲವೂ ಅದೇ, ಬಡತನವೂ ಅದೇ: ಅದರ ಹುಂಡಿಯನ್ನು ಒಂದೇ ಸಲ ನಗದು ಮಾಡಬಹುದು.

ನಮ್ಮ ದೇಶದ ಟೆಲಿವಿಷನ್ ಹಿಡಿದ ದಾರಿ ಬೇರೆ. ದಿಲ್ಲಿಯಲ್ಲಿ ೧೯೫೯ರಲ್ಲಿ, ಮುಂಬಯಿಯಲ್ಲಿ ೧೯೭೨ರ ಅಕ್ಟೋಬರ್ ೨ರಂದು, ಬೆಂಗಳೂರಿನಲ್ಲಿ ೧೯೮೧ರಲ್ಲಿ ಕೇಂದ್ರಗಳು ಆರಂಭವಾದವು. ಬೆಂಗಳೂರಿನ ಕೇಂದ್ರಕ್ಕೂ ಮೊದಲು, ೧೯೭೫–೭೬ರಲ್ಲಿ, ಉಪಗ್ರಹದ ಮೂಲಕ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸಿದ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ೧೯೮೪ರಲ್ಲಿ ‘ಹಮ್ ಲೋಗ್’ ಬಂತು. ಕಲ್ಪಿತ ಕಥೆಯ ದೊಡ್ಡ ಧಾರಾವಾಹಿ ಅದು. ಆದರೆ ದೇಶವನ್ನೇ ಹಿಡಿದು ಕೂರಿಸಿದ್ದು ೧೯೮೭ರ ಜನವರಿ ೨೫ರಂದು ಆರಂಭವಾದ ರಮಾನಂದ ಸಾಗರರ ‘ರಾಮಾಯಣ’. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೀದಿಗಳು ಬರಿದಾಗುತ್ತಿದ್ದವು. ಜನ ಸ್ನಾನ ಮಾಡಿ, ಟೆಲಿವಿಷನ್ ಪೆಟ್ಟಿಗೆಗೆ ಹೂಮಾಲೆ ಹಾಕಿ ಕೂರುತ್ತಿದ್ದರು. ಸೀತೆಯನ್ನು ಒಯ್ಯುವವನು ಯಾರೆಂದು ತಿಳಿಯದವನು ಆ ಕೋಟ್ಯಂತರ ಜನರಲ್ಲಿ ಒಬ್ಬನಾದರೂ ಇದ್ದನೇ?

ಇಲ್ಲಿ ನಾವು ವಿಶೇಷವಾಗಿ ನೆನೆಯಬೇಕಾದ ಸಂಗತಿಯೊಂದಿದೆ. ಆ ಧಾರಾವಾಹಿ ಹಿಂದಿಯಲ್ಲಿತ್ತು. ನಮ್ಮ ಹಳ್ಳಿಗಳ ಹಿರಿಯರಿಗೆ ಹಿಂದಿ ಬಾರದು. ಊರಿನಿಂದ ಮಗನ ಮನೆಗೆಂದು ಪರನಾಡಿಗೆ ಬಂದ ತಾಯಂದಿರಿಗೂ ಬಾರದು. ಆದರೂ ಅವರು ಕದಲದೆ ಕುಳಿತು ನೋಡಿದರು, ಅಳಬೇಕಾದಲ್ಲಿ ಅತ್ತರು. ಕಥೆ ಮೊದಲೇ ತಿಳಿದಿದ್ದರಿಂದ ಭಾಷೆಯ ಗೋಡೆ ಅಡ್ಡ ಬರಲಿಲ್ಲ. ತೊರವೆ ರಾಮಾಯಣವನ್ನು ಕೇಳಿದ ಕಿವಿಗೆ ಆ ಹಿಂದಿಯ ಕೆಳಗೆ ಕನ್ನಡವೇ ಕೇಳುತ್ತಿತ್ತು. ಮುಂದಾಗಿ ತಿಳಿದಿರುವುದು ರಸವನ್ನು ಕೆಡಿಸುವುದಿರಲಿ, ಅದೇ ಅಲ್ಲಿ ರಸದ ಬಾಗಿಲಾಯಿತು.

ಮತ್ತೂ ಒಂದು ಘಟನೆ. ೧೯೮೮ರ ಜುಲೈ ೩೧ರಂದು ೭೮ನೆಯ ಕಂತಿನೊಡನೆ ‘ರಾಮಾಯಣ’ ಶ್ರೀರಾಮ ಪಟ್ಟಾಭಿಷೇಕಕ್ಕೆ ಮುಗಿಯಿತು. ಆಗ ಉತ್ತರ ಭಾರತದ ಹಲವು ಊರುಗಳಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರು ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವ ಸಮುದಾಯದವರು. ಲವಕುಶರ ಕಥೆಯನ್ನೂ ವಾಲ್ಮೀಕಿಯ ಆಶ್ರಮವನ್ನೂ ತೋರಿಸದೆ ನಿಲ್ಲಿಸಕೂಡದೆಂದು ಅವರ ಬೇಡಿಕೆ. ಸರ್ಕಾರ ಒಪ್ಪಿತು, ಉತ್ತರ ರಾಮಾಯಣವೂ ಪ್ರಸಾರವಾಯಿತು. ಕೊನೆಯನ್ನು ಮುಂದಾಗಿ ಹೇಳಿಬಿಟ್ಟರೆಂದು ಮುನಿಸಿಕೊಳ್ಳುವ ಈ ಕಾಲದಲ್ಲಿ ಇದನ್ನು ನೆನೆದರೆ ಆಶ್ಚರ್ಯವಾಗುತ್ತದೆ: ತಮಗೆ ಗೊತ್ತಿದ್ದ ಕೊನೆಯನ್ನು ತೋರಿಸಲಿಲ್ಲವೆಂದು ಜನ ಕೆಲಸವನ್ನೇ ನಿಲ್ಲಿಸಿದರು! ತಿಳಿದ ಕಥೆಯಲ್ಲಿ ಅವರು ಹುಡುಕಿದ್ದು ತಮ್ಮ ಸ್ಥಾನವನ್ನು, ತಮ್ಮ ಮಾನವನ್ನು.

ಅದೇ ವರ್ಷದ ಅಕ್ಟೋಬರ್ ೨ರಿಂದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ೯೪ ಕಂತುಗಳಲ್ಲಿ ೧೯೯೦ರ ಜೂನ್ ೨೪ರವರೆಗೆ ನಡೆಯಿತು. ರಾಹಿ ಮಾಸೂಮ್ ರಜಾ ಅವರು ಬರೆದ ಅದರ ಸಂಭಾಷಣೆಯಲ್ಲಿ ಕಾಲಪುರುಷನೇ ಸೂತ್ರಧಾರ. ಮುಖವಿಲ್ಲದ ಆ ಧ್ವನಿಗೆ ಹಿಂದಿನದೂ ಗೊತ್ತು, ಮುಂದಿನದೂ ಗೊತ್ತು. ಕುಮಾರವ್ಯಾಸನ ಸೂಚನೆಯೇ ಹೊಸ ಯಂತ್ರದೊಳಗೆ ಹೊಕ್ಕು ಕುಳಿತಂತೆ ನಮಗೆ ತೋರುತ್ತದೆ. ಮುಂದೆ ೨೦೨೦ರಲ್ಲಿ, ಜನರೆಲ್ಲ ಮನೆಯಲ್ಲಿ ಬಂದಿಗಳಾಗಿದ್ದಾಗ, ಮಾರ್ಚ್ ೨೮ರಿಂದ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿದರು. ಏಪ್ರಿಲ್ ೧೬ರ ಒಂದು ಕಂತನ್ನು ೭.೭ ಕೋಟಿ ಜನ ನೋಡಿದರೆಂದು ದೂರದರ್ಶನ ಸಾರಿತು. ಕಥೆಯಷ್ಟೇ ಅಲ್ಲ, ಕಥೆಯ ಆ ರೂಪವೂ ತಿಳಿದಿದ್ದವರು ಅವರಲ್ಲಿ ಎಷ್ಟು ಮಂದಿಯೋ!

ಕನ್ನಡ ಟೆಲಿವಿಷನ್ ಗುಟ್ಟಿನ ಕಥೆಯನ್ನು ಮಾಡಲಿಲ್ಲವೆಂದಲ್ಲ. ೧೯೯೦ರ ಆಸುಪಾಸಿನಲ್ಲಿ ಬಂದ ‘ಗುಡ್ಡದ ಭೂತ’ವನ್ನು ನೋಡಿದವರು ಇನ್ನೂ ಮರೆತಿಲ್ಲ. ಅದರ ನಿರ್ದೇಶಕರು ಸದಾನಂದ ಸುವರ್ಣರು. ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದು ಹೆಸರಾದವರು, ೧೯೭೭ರ ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕರು. ಹೊರನಾಡ ಕನ್ನಡಿಗರಾದ ನಮಗೆ ಇದು ಹೆಮ್ಮೆಯ ಮಾತು. ಆ ಗುಡ್ಡದ ಗುಟ್ಟೇನೆಂಬುದನ್ನು ನಾವಿಲ್ಲಿ ಬರೆಯುವುದಿಲ್ಲ. ನೋಡದ ಕಿರಿಯರು ಈ ಸಂಚಿಕೆಯನ್ನು ಓದುತ್ತಿರಬಹುದು; ಅವರ ಪಾಲಿನದನ್ನು ನಾವು ಕಸಿಯಬಾರದು. ೧೯೯೮ರಲ್ಲಿ ಟಿ. ಎನ್. ಸೀತಾರಾಮ್ ಮೊದಲಾದವರ ‘ಮಾಯಾಮೃಗ’ ಬಂದಮೇಲೆ ದಿನದಿನವೂ ಬೆಳೆಯುವ ಕಥೆಯ ರುಚಿ ಕನ್ನಡಿಗರಿಗೆ ಹತ್ತಿತು. ಅಂಥ ದಿನವಹಿ ಧಾರಾವಾಹಿಯಲ್ಲಿ ಬರವಣಿಗೆಯೂ ಚಿತ್ರೀಕರಣವೂ ಪ್ರಸಾರದ ಜೊತೆಜೊತೆಗೇ ಸಾಗುವುದರಿಂದ ಮುಂದಾಗಿ ಹೇಳಲು ಯಾರ ಬಳಿಯಲ್ಲೂ ಪೂರ್ತಿ ಕಥೆಯಿರುವುದಿಲ್ಲ. ಜನ ಹೇಳುತ್ತಿದ್ದುದು ಊಹೆ. ಊಹೆ ತಪ್ಪಿದರೂ ಸಂತೋಷ, ಸರಿಯಾದರೂ ಸಂತೋಷ.

ಈಗ ಒಂದು ಮುಖ್ಯವಾದ ಕಾರಣಕ್ಕೆ ಬರೋಣ. ದೂರದರ್ಶನದ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ಗಡಿಯಾರ. ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡುತ್ತಿದ್ದರು. ಒಬ್ಬನಿಗಿಂತ ಇನ್ನೊಬ್ಬ ಮುಂದಿರುವುದು ಸಾಧ್ಯವೇ ಇರಲಿಲ್ಲ. ಅಮೆರಿಕದಲ್ಲಿ ಪೂರ್ವ ಕರಾವಳಿಯವರು ಪಶ್ಚಿಮದವರಿಗಿಂತ ಮೂರು ಗಂಟೆ ಮೊದಲೇ ನೋಡಿ ಮುಗಿಸುವ ಪದ್ಧತಿಯಿತ್ತು. ನಮ್ಮಲ್ಲಿ ಅದೂ ಇರಲಿಲ್ಲ. ಗುಟ್ಟು ಒಡೆಯುವ ಕಷ್ಟ ಹುಟ್ಟುವುದು ಜನರ ಗಡಿಯಾರಗಳು ಬೇರೆಯಾದಾಗ. ೨೦೧೩ರ ಫೆಬ್ರವರಿ ೧ರಂದು ನೆಟ್‌ಫ್ಲಿಕ್ಸ್ ಸಂಸ್ಥೆ ‘ಹೌಸ್ ಆಫ್ ಕಾರ್ಡ್ಸ್’ ಧಾರಾವಾಹಿಯ ಮೊದಲ ವರ್ಷದ ೧೩ ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ೨೦೧೬ರ ಜನವರಿಯಲ್ಲಿ ಆ ಸೇವೆ ನಮ್ಮ ದೇಶಕ್ಕೂ ಬಂತು. ಒಬ್ಬ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದ. ಇನ್ನೊಬ್ಬ ತಿಂಗಳುಗಟ್ಟಲೆ ನೋಡಿದ. ಊಟದ ಹೊತ್ತಿನ ಜಗಳ ಆರಂಭವಾದದ್ದು ಹೀಗೆ.

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ಜಾರ್ಜ್ ಆರ್. ಆರ್. ಮಾರ್ಟಿನ್ನನ ಕಾದಂಬರಿಗಳನ್ನು ಆಧರಿಸಿತ್ತು. ೨೦೦೦ದಲ್ಲಿ ಪ್ರಕಟವಾದ ಪುಸ್ತಕದೊಳಗಿನ ಒಂದು ಮದುವೆಯ ಔತಣ ೨೦೧೩ರ ಜೂನ್ ೨ರಂದು ತೆರೆಯ ಮೇಲೆ ಬಂತು. ಪುಸ್ತಕ ಓದಿದವರು ಹದಿಮೂರು ವರ್ಷಗಳಿಂದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಆ ರಾತ್ರಿ ಅವರಲ್ಲಿ ಹಲವರು ನೋಡಿದ್ದು ತೆರೆಯನ್ನಲ್ಲ. ಪಕ್ಕದಲ್ಲಿ ಕುಳಿತ, ಏನೂ ತಿಳಿಯದ ತಮ್ಮವರ ಮುಖವನ್ನು! ಆ ಮುಖಗಳನ್ನು ಚಿತ್ರ ತೆಗೆದೂ ಇಟ್ಟರು. ತಿಳಿದವನ ಸುಖವೂ ತಿಳಿಯದವನ ಸುಖವೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತ ರಾತ್ರಿ ಅದು. ೨೦೧೬ರಲ್ಲಿ ಧಾರಾವಾಹಿ ಅಚ್ಚಾದ ಪುಸ್ತಕಗಳನ್ನು ದಾಟಿ ಮುಂದೆ ಹೋಯಿತು, ತಿಳಿದವರೂ ತಿಳಿಯದವರಾದರು. ೨೦೧೭ರ ಆಗಸ್ಟಿನಲ್ಲಿ ಅದರ ಒಂದು ಕಂತು ಪ್ರಸಾರಕ್ಕೆ ಮೊದಲೇ ಸೋರಿಹೋದಾಗ ನಾಲ್ವರನ್ನು ಪೊಲೀಸರು ಬಂಧಿಸಿದ್ದು ನಮ್ಮ ಮುಂಬಯಿಯಲ್ಲಿಯೇ. ಕಥೆಯ ಕೊನೆ ಪೊಲೀಸು ಠಾಣೆಯ ವ್ಯವಹಾರವೂ ಆಯಿತು.

ವಿದ್ವಾಂಸರು ಈ ವಿಷಯವನ್ನು ಪರೀಕ್ಷೆಗೂ ಒಡ್ಡಿದ್ದಾರೆ. ೨೦೧೧ರಲ್ಲಿ ಕ್ಯಾಲಿಫೋರ್ನಿಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ೧೨ ಸಣ್ಣಕಥೆಗಳನ್ನು ಆರಿಸಿ, ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿ, ಕೆಲವರಿಗೆ ತಿಳಿಸದೆ ಓದಿಸಿದರು. ಕೊನೆ ತಿಳಿದು ಓದಿದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿದರು. ೨೦೧೫ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಎಂಬ ಇನ್ನಿಬ್ಬರು ಮಾಡಿದ ಪರೀಕ್ಷೆಯಲ್ಲಿ ಫಲ ಬೇರೆಯಾಯಿತು: ಕೊನೆ ತಿಳಿಯದೆ ಓದಿದವರಿಗೆ ಕುತೂಹಲವೂ ವಿನೋದವೂ ಹೆಚ್ಚಾಗಿತ್ತು. ಎರಡೂ ಓದುವ ಕಥೆಗಳ ಪರೀಕ್ಷೆಗಳು. ನೂರಾರು ಕಂತುಗಳ ಟೆಲಿವಿಷನ್ನಿಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡಿದರೆ ನಮಗೆ ಹೊಳೆಯುವುದು ಭರತಮುನಿಯ ಹಳೆಯ ಎರಡು ಖಾತೆಗಳೇ. “ಮುಂದೇನು” ಎಂಬ ಸುಖ ಒಂದು. “ಹೇಗೆ” ಎಂಬ ಸುಖ ಇನ್ನೊಂದು. ಸ್ಪಾಯ್ಲರ್ ಮೊದಲನೆಯದನ್ನು ಕಳೆಯುತ್ತದೆ, ಎರಡನೆಯದಕ್ಕೆ ಕೂಡಿಸುತ್ತದೆ. ಮೊದಲನೆಯದೊಂದೇ ಬಂಡವಾಳವಾಗಿರುವ ಕಥೆ ಗುಟ್ಟು ಒಡೆದೊಡನೆ ದಿವಾಳಿಯಾಗುತ್ತದೆ. ಎರಡನೆಯದೂ ಇರುವ ಕಥೆ ತಡೆದುಕೊಳ್ಳುತ್ತದೆ.

ನಮ್ಮ ಕಸುಬಿನ ಒಂದು ಮಾತು ಹೇಳಬಹುದಾದರೆ, ಮಾರ್ಚ್ ೩೧ರ ರಾತ್ರಿ ಕೊನೆಯ ಶಿಲ್ಕು ಎಷ್ಟೆಂಬುದನ್ನು ಯಾರಾದರೂ ಒಂದು ಚೀಟಿಯಲ್ಲಿ ಬರೆದುಕೊಡಬಹುದು. ಅಷ್ಟರಿಂದ ಒಂದು ಸಂಸಾರದ ಲೆಕ್ಕ ತಿಳಿದಂತಾಗುವುದಿಲ್ಲ. ಯಾವ ತಿಂಗಳು ಮಗಳ ಮದುವೆಗೆ ಹಣ ತೆಗೆದರು, ಯಾವ ತಿಂಗಳು ಊರಿಗೆ ತಂದೆಯ ಔಷಧಕ್ಕೆ ಕಳಿಸಿದರು, ಎಲ್ಲಿ ತುಸು ಚೇತರಿಸಿಕೊಂಡರು, ಇದೆಲ್ಲ ಒಂದೊಂದು ಸಾಲನ್ನು ಓದಿದವನಿಗೆ ಮಾತ್ರ ತಿಳಿಯುತ್ತದೆ. ಒಳ್ಳೆಯ ಕಥೆಯೂ ಹಾಗೆಯೇ.

ಪರನಾಡಿನಲ್ಲಿರುವ ನಮಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಅನುಭವವುಂಟು. ಗಡಿಯಾರ ಬೇರೆಯಾಗುವುದು ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ತೆರೆಕಂಡ ಕನ್ನಡ ಚಿತ್ರ ನಮ್ಮ ಹಿರಿಯರಿಗೆ ತಿಂಗಳುಗಳ ಮೇಲೆ, ಸಂಘದವರು ಏರ್ಪಡಿಸಿದ ಬೆಳಗಿನ ಪ್ರದರ್ಶನದಲ್ಲಿ ಸಿಕ್ಕಿದರೆ ಸಿಕ್ಕಿತು. ಅಷ್ಟರಲ್ಲಿ ಊರಿನ ಕಾಗದದಲ್ಲಿ ಅದರ ಕಥೆ ಬಂದು ತಲುಪಿರುತ್ತಿತ್ತು. ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ಭಾಷೆಗಳ ಸರದಿ ತಿರುಗಿ ಕನ್ನಡದ ಪಾಳಿ ಬಂದ ದಿನ, ಊರಿನಲ್ಲಿ ಆ ಚಿತ್ರವನ್ನು ನೋಡಿ ಬಂದವರೇ ಕೋಣೆಯ ಸೂತ್ರಧಾರರು. ನೆರೆಯ ಮರಾಠಿ, ಗುಜರಾತಿ ಮನೆಯವರಿಗೂ ಅವರೇ ಮುಂದಿನದನ್ನು ಹೇಳಿಕೊಡುವರು. ಯಾರೂ ಅದನ್ನು ರಸಭಂಗವೆಂದು ಬೈಯಲಿಲ್ಲ. ೧೯೯೪ರಲ್ಲಿ ಉದಯ ಟಿ.ವಿ. ಆರಂಭವಾಗಿ ಕನ್ನಡದ ಖಾಸಗಿ ವಾಹಿನಿ ಆಕಾಶದಿಂದ ಇಳಿದಮೇಲೆ ಊರಿನ ತಂಗಿಯೂ ಇಲ್ಲಿನ ಅಕ್ಕನೂ ಒಂದೇ ಗಳಿಗೆಯಲ್ಲಿ ಒಂದೇ ಕಥೆಯನ್ನು ನೋಡುವಂತಾಯಿತು. ಆಮೇಲೆ ಅವರ ಮಾತು “ಏನಾಯಿತು ಹೇಳೇ” ಎಂಬುದರಿಂದ “ಹಾಗೆ ಮಾಡಬಾರದಿತ್ತಲ್ಲವೇ ಅಕ್ಕ” ಎಂಬುದಕ್ಕೆ ತಿರುಗಿತು.

ಆದರೆ ನಮ್ಮನ್ನು ನಿಜವಾಗಿ ಚಿಂತೆಗೀಡುಮಾಡುವುದು ಇದಾವುದೂ ಅಲ್ಲ. ಕಥೆ ಪ್ರಖ್ಯ್ಯಾತವಾಗುವುದು ತಾನಾಗಿಯೇ ಅಲ್ಲ; ಅದನ್ನು ಮೊದಲೇ ಹೇಳಿಟ್ಟ ಒಂದು ಜನಸಮೂಹ ಬೇಕು. ಅಜ್ಜಿಯ ಮಡಿಲು, ಊರ ಜಾತ್ರೆ, ಗಮಕಿಯ ಚಾವಡಿ, ಬಯಲಾಟದ ಗದ್ದೆ, ಇವು ಆ ಕೆಲಸವನ್ನು ಮಾಡುತ್ತಿದ್ದವು. ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅವೊಂದೂ ಇಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ಕರ್ಣಾರ್ಜುನರ ಕಾಳಗ ನಡೆಯುತ್ತಿರುವಾಗ ಹತ್ತು ವರ್ಷದ ಮಗು “ಅಪ್ಪಾ, ಕರ್ಣ ಗೆಲ್ಲುತ್ತಾನಾ?” ಎಂದು ಕೇಳಿದರೆ ನಾವು ನಗುತ್ತೇವೆ. ನಗುವ ಮಾತಲ್ಲ. ಸಾವಿರ ವರ್ಷಗಳಿಂದ ಪ್ರಖ್ಯಾತವಾಗಿದ್ದ ಕಥೆ ಆ ಒಂದು ಮನೆಯಲ್ಲಿ ಉತ್ಪಾದ್ಯವಾಗಿ ಹೋಯಿತೆಂದು ಅದರ ಅರ್ಥ. ಪಕ್ಕದಲ್ಲಿ ಕುಳಿತ ತಾತನಿಗೆ ಕರ್ಣನ ರಥದ ಗಾಲಿ ನೆಲದಲ್ಲಿ ಹೂಳುವ ಮೊದಲೇ ಗಂಟಲು ಕಟ್ಟುತ್ತದೆ. ಮಗು ಮಾತ್ರ ಪಂದ್ಯವನ್ನು ನೋಡುವಂತೆ ನೋಡುತ್ತದೆ. ಇಬ್ಬರೂ ಒಂದೇ ಚಾಪೆಯ ಮೇಲಿದ್ದಾರೆ, ಆದರೆ ನೋಡುತ್ತಿರುವುದು ಒಂದೇ ಆಟವನ್ನಲ್ಲ.

ಮಗುವಿನ ನೋಟದಲ್ಲಿ ತಪ್ಪೇನೂ ಇಲ್ಲ. “ಮುಂದೇನು” ಎಂಬ ಆ ಮೊದಲ ಬೆರಗು ಪ್ರತಿಯೊಬ್ಬರಿಗೂ ಒಮ್ಮೆ ದೊರೆಯತಕ್ಕದ್ದೇ. ಆದರೆ ಅದು ಮಡಿಲಲ್ಲಿ ಕುಳಿತು ಕೇಳುವಾಗ ದೊರೆಯಲಿ. ಆಟಕ್ಕೆ ಬರುವ ಹೊತ್ತಿಗೆ ಎರಡನೆಯ ಸುಖಕ್ಕೆ ಅದು ಸಿದ್ಧವಾಗಿರಲಿ.

ಆದುದರಿಂದ ಎರಡು ನಡವಳಿಕೆಗಳನ್ನು ನಾವು ಬಂಧುಗಳಲ್ಲಿ ವಿನಂತಿಸುತ್ತೇವೆ. ಒಂದು: ಕಲ್ಪಿತ ಕಥೆ, ಅದರಲ್ಲೂ ಪತ್ತೇದಾರಿ ಕಥೆ, ನೋಡಿದವರು ಬಾಯಿಗೆ ಬೀಗ ಹಾಕಿಕೊಳ್ಳಲಿ. “ಅದೇನು ಮಹಾ” ಎಂದು ಹಿರಿಯರು ಮಕ್ಕಳ ಮುನಿಸನ್ನು ತಳ್ಳಿಹಾಕುವುದು ಬೇಡ. ಅವರು ಕಾದಿಟ್ಟ ಒಂದೇ ಒಂದು ಹುಂಡಿಯನ್ನು ನಾವು ನಗದು ಮಾಡಿದಂತಾಗುತ್ತದೆ. ಎರಡು: ನಮ್ಮ ಪ್ರಖ್ಯಾತ ಕಥೆಗಳನ್ನು ಮಾತ್ರ ಮಕ್ಕಳಿಗೆ ಆದಷ್ಟು ಬೇಗ, ಕೊನೆಯವರೆಗೂ, ಕನ್ನಡದಲ್ಲಿ ಹೇಳಿಬಿಡಿ. ಕರ್ಣ ಸಾಯುತ್ತಾನೆಂದು ಹೇಳಿ. ಅಭಿಮನ್ಯುವಿಗೆ ಹೊರದಾರಿ ತಿಳಿಯದೆಂದು ಹೇಳಿ. ಗೋವಿನ ಹಾಡಿನ ಪುಣ್ಯಕೋಟಿ ಮರಳಿ ಬರುತ್ತಾಳೆಂದೂ ಹೇಳಿ. ಮುಂದೆ ಅವರು ಟೆಲಿವಿಷನ್ನಿನಲ್ಲಿಯೋ ಫೋನಿನಲ್ಲಿಯೋ ಇನ್ನಾವ ಹೊಸ ಯಂತ್ರದಲ್ಲಿಯೋ ಈ ಕಥೆಗಳನ್ನು ನೋಡುವಾಗ, ಅದು ಯಾವ ಭಾಷೆಯಲ್ಲಿದ್ದರೂ, ಅದರ ಕೆಳಗೆ ಅವರಿಗೆ ಕನ್ನಡ ಕೇಳುವಂತಾಗಲಿ.

ಹೀಗೆ ಹೇಳಿಕೊಡಲು ಸಭಾಭವನ ಬೇಕಿಲ್ಲ, ದೇಣಿಗೆ ಬೇಕಿಲ್ಲ. ರಾತ್ರಿ ದೀಪ ಆರಿಸುವ ಮುನ್ನ ಕಾಲು ಗಂಟೆ ಸಾಕು. ರಾಜ್ಯೋತ್ಸವದ ಈ ಶುಭದಿನದಿಂದಲೇ ಆ ಕಾಲು ಗಂಟೆ ನಮ್ಮ ಮನೆಮನೆಯಲ್ಲಿಯೂ ಆರಂಭವಾಗಲೆಂದು ಹಾರೈಸುತ್ತೇವೆ.